ಹುಂಜದ ಜಾತ್ರೆಗೆ ಲ್ಯಾಮಿನೇಷನ್

ಆ ಚಿತ್ರವನ್ನು ಮೊದಲ ಸಲ ನೋಡಿದಾಗ ನನಗೆ ಅದರ ತಲೆಬುಡ ಅರ್ಥವಾಗಲಿಲ್ಲ. ಎರಡು ವರ್ಷವಾದ ಮೇಲೂ ಪೂರ್ತಿ ಅರ್ಥವಾಗಿದೆ ಎಂದು ಹೇಳುವ ಧೈರ್ಯವಿಲ್ಲ. ಈಗ ಅದು ನಮ್ಮ ಮನೆಯಲ್ಲಿದೆ, ನನ್ನದೇ ಆಗಿದೆ. ಅದನ್ನು ನನಗೆ ಕೊಟ್ಟದ್ದು ಪ್ರೀತಿಯಿಂದಲೋ ಬೇಸರದಿಂದಲೋ ಎಂಬುದೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಬರೆಯುವುದು ಹೇಗೆ ಎಂದು ಬಹಳ ದಿನ ಸುಮ್ಮನಿದ್ದೆ. ಕೊನೆಗೆ, ನಡೆದದ್ದನ್ನು ನಡೆದ ಹಾಗೆ ಬರೆದರಾಯಿತು ಅಂದುಕೊಂಡು ಕೂತಿದ್ದೇನೆ.

ನಾವು ಸ್ವೀಡನ್ನಿನ ಲಿಂಕೋಪಿಂಗಿಗೆ ಬಂದ ಮೊದಲ ವರ್ಷ, ಅಕ್ಟೋಬರಿನಲ್ಲಿ, ನಮ್ಮ ಕಟ್ಟಡದ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದರು. ಶನಿವಾರ ಬೆಳಿಗ್ಗೆ ಹತ್ತಕ್ಕೆ ಎಲ್ಲ ಮನೆಯವರೂ ಅಂಗಳದಲ್ಲಿ ಸೇರಬೇಕು, ಕಾಫಿ ಇರುತ್ತದೆ ಎಂದಿತ್ತು. ಉಳಿದ ಸಾಲುಗಳು ನನ್ನ ಆಗಿನ ಸ್ವೀಡಿಷ್ ಭಾಷೆಗೆ ಮೀರಿದ್ದವು. ಏನೋ ಸಮಾರಂಭ ಅಂದುಕೊಂಡು ಒಳ್ಳೆಯ ಚೂಡಿದಾರ ಹಾಕಿ, ಡಬ್ಬಿಯಲ್ಲಿ ಕೇಸರಿಬಾತ್ ತುಂಬಿಕೊಂಡು ಇಳಿದೆ. ಕೆಳಗೆ ನೋಡಿದರೆ ಕಟ್ಟಡದವರೆಲ್ಲ ಉದ್ದ ಹಿಡಿಯ, ಹಲ್ಲುಹಲ್ಲಿನ ರೇಕು ಹಿಡಿದು ಬಿದ್ದ ಎಲೆಗಳನ್ನು ಎಳೆಯುತ್ತಿದ್ದಾರೆ. ಮೂರನೇ ಮಹಡಿಯ ಡಾಕ್ಟರರೂ ಎಳೆಯುತ್ತಿದ್ದರು.

"ಇದಕ್ಕೆಲ್ಲ ಜನ ಇರಲ್ವಾ ಇಲ್ಲಿ?" ಎಂದು ನನ್ನ ಗಂಡ ಕಿವಿಯಲ್ಲಿ ಕೇಳಿದ.

ನಾನು ಉತ್ತರ ಹುಡುಕುವಷ್ಟರಲ್ಲಿ ನಮ್ಮ ಎದುರುಮನೆಯ ಅಜ್ಜಿ ಬಂದು ನನ್ನ ಕೈಯ ಡಬ್ಬಿ ತೆಗೆದುಕೊಂಡು, ಆ ಜಾಗದಲ್ಲಿ ಒಂದು ರೇಕು ಇಟ್ಟರು. ಎಂಬತ್ತು ದಾಟಿದವರು, ಮೊಣಕಾಲುದ್ದದ ರಬ್ಬರ್ ಬೂಟು ಹಾಕಿದ್ದರು. ಈ ದೇಶದಲ್ಲಿ ಅಂಥವರನ್ನೂ ಹೆಸರು ಹಿಡಿದು, ನೀನು ಎಂದೇ ಕರೆಯಬೇಕು. ನನ್ನ ಮಗಳು ಹಾಗೇ ಕರೆಯುತ್ತಾಳೆ. ನಾನು ಬಾಯಲ್ಲಿ ನೀನು ಅಂದರೂ ಮನಸ್ಸಿನಲ್ಲಿ ನೀವು ಅಂದುಕೊಳ್ಳುತ್ತಿದ್ದೆ, ಹಾಗಾಗಿ ನನ್ನ ಪ್ರತಿ ವಾಕ್ಯವೂ ಒಂದು ಕ್ಷಣ ತಡವಾಗಿ ಹೊರಡುತ್ತಿತ್ತು.

ಎಲೆ ಎಳೆದಾದ ಮೇಲೆ ಅವರು, "ಬಾ, ನನ್ನ ಹತ್ತಿರ ಇನ್ನೂ ಒಳ್ಳೆಯ ರೇಕುಗಳಿವೆ, ತೋರಿಸುತ್ತೇನೆ," ಎಂದು ಮನೆಗೆ ಕರೆದುಕೊಂಡು ಹೋದರು. ಮನೆಯಲ್ಲಿ ರೇಕು ಇಡುವುದೇಕೆ ಎಂದು ನನಗೆ ಗಲಿಬಿಲಿ. ಅವರು ಕೈ ತೊಳೆದು, ಒರೆಸಿ, ಅಗಲವಾದ ಮೇಜಿನ ಖಾನೆಯಿಂದ ಒಂದು ರಟ್ಟಿನ ಫೈಲು ತೆಗೆದು ಬಿಚ್ಚಿದರು. ಒಳಗೆ ಈ ಚಿತ್ರ.

ಜಪಾನಿನದು. ಮರದ ಹಲಗೆಯಲ್ಲಿ ಕೆತ್ತಿ, ಬಣ್ಣ ಹಚ್ಚಿ, ಕಾಗದ ಒತ್ತಿ ತೆಗೆದದ್ದು. ತುಂಬ ಜನ ಒಂದೇ ಕಡೆಗೆ ನುಗ್ಗುತ್ತಿದ್ದಾರೆ, ತಲೆಯ ಮೇಲೆತ್ತಿ ಏನೇನೋ ಹಿಡಿದಿದ್ದಾರೆ. ಮೊದಲು ಯುದ್ಧ ಅಂದುಕೊಂಡೆ. ಆಮೇಲೆ ಕೋಲಿನ ತುದಿಯಲ್ಲಿ ಬೆಳ್ಳಗಿನ ಗುಂಡು ಮುಖವೊಂದು ಕಂಡಿತು, ಕೆನ್ನೆ ಉಬ್ಬಿಸಿ ನಗುವ ಹೆಂಗಸಿನ ಮುಖ. ರುಂಡ ಕಡಿದು ಸಿಕ್ಕಿಸಿದ್ದಾರೆ, ಯಾರೋ ನಮ್ಮ ಕಾಳಿಯಂಥ ದೇವತೆ ಇರಬೇಕು ಎಂದು ಮನಸ್ಸಿನಲ್ಲೇ ಕೈ ಮುಗಿದೆ. ಆ ಮುಖದ ಸುತ್ತ ಚಿನ್ನದ ಬಿಲ್ಲೆಗಳು, ಒಂದು ಕೊಕ್ಕರೆ, ಒಂದು ಆಮೆ, ಅಕ್ಕಿಮೂಟೆ. ಇವನ್ನೆಲ್ಲ ಹೊತ್ತ ಕೋಲಿಗೆ ಹಲ್ಲುಗಳಿದ್ದವು. ಎದುರಿಗೆ ಎಲ್ಲರಿಗಿಂತ ದೊಡ್ಡದಾಗಿ ಒಬ್ಬ ಹೆಂಗಸು, ನೀಲಿ ಬಟ್ಟೆ, ಬಿಳಿಯ ಕೊರಳಪಟ್ಟಿ, ಹೆಗಲ ಮೇಲೆ ಅಂಥದ್ದೇ ಒಂದು ಕೋಲು.

"ರೇಕು," ಎಂದರು ಅಜ್ಜಿ. ನವೆಂಬರಿನಲ್ಲಿ ಹುಂಜದ ದಿನ ಎಂದು ಬರುತ್ತದಂತೆ. ಆ ದಿನ ದೊಡ್ಡ ಜಾತ್ರೆ. ಎಲ್ಲರೂ ಹೀಗೆ ಸಿಂಗರಿಸಿದ ರೇಕು ಕೊಳ್ಳುತ್ತಾರೆ, ಬರುವ ವರ್ಷದ ಅದೃಷ್ಟವನ್ನೆಲ್ಲ ಅದರಲ್ಲಿ ಬಾಚಿಕೊಳ್ಳುವುದಕ್ಕೆ. ನಾನು ರುಂಡ ಅಂದುಕೊಂಡದ್ದು ಅದೃಷ್ಟ ತರುವ ಮುಖವಾಡವಂತೆ. ಮರುವರ್ಷ ಹಳೆಯದನ್ನು ಅಲ್ಲೇ ಒಪ್ಪಿಸಿ, ಅದಕ್ಕಿಂತ ದೊಡ್ಡದನ್ನು ತರಬೇಕು. ಅವರ ಗಂಡ ಹಡಗಿನಲ್ಲಿ ಮೆಕ್ಯಾನಿಕ್ ಆಗಿದ್ದವರು, ಯಾವುದೋ ಬಂದರಿನ ಹಳೆ ಪುಸ್ತಕದಂಗಡಿಯಿಂದ ಈ ಚಿತ್ರವನ್ನು ಪೇಪರಿನಲ್ಲಿ ಸುತ್ತಿ ತಂದಿದ್ದರಂತೆ. ಅವರು ತೀರಿಕೊಂಡು ಬಹಳ ವರ್ಷವಾಗಿತ್ತು.

ಕಸ ಗುಡಿಸುವ ವಸ್ತುವಿಗೆ ಜಾತ್ರೆಯೇ ಎಂದು ಆಶ್ಚರ್ಯಪಡಲು ಹೋಗಿ ತಡೆದುಕೊಂಡೆ. ನಾವು ಆಯುಧಪೂಜೆಗೆ ಲ್ಯಾಪ್‌ಟಾಪಿಗೆ ಕುಂಕುಮ ಇಡುವವರು. ಅದನ್ನು ಹೇಳಿದೆ. ಬಸವನಗುಡಿಯ ಕಡಲೆಕಾಯಿ ಪರಿಷೆಯ ಬಗ್ಗೆಯೂ ಹೇಳಿದೆ. ಅವರು ತುಂಬ ಹೊತ್ತು ಯೋಚಿಸಿ, "ಕಡಲೆಕಾಯಿಯನ್ನು ಪೂಜಿಸುತ್ತೀರಾ?" ಎಂದರು. ಇಲ್ಲ, ತಿನ್ನುತ್ತೇವೆ ಎಂದೆ. ಇಬ್ಬರಿಗೂ ಗೊಂದಲವಾಗಿ ಇಬ್ಬರೂ ನಕ್ಕೆವು.

ಅಲ್ಲಿಂದ ಪ್ರತಿ ಗುರುವಾರ ಆಫೀಸು ಮುಗಿಸಿ ಅವರ ಮನೆಗೆ ಫೀಕಾಗೆ, ಅಂದರೆ ಇಲ್ಲಿನವರ ಕಾಫಿ-ತಿಂಡಿಯ ಹರಟೆಗೆ, ಹೋಗುವುದು ರೂಢಿಯಾಯಿತು. ಅವರು ಶಾಲೆಯಲ್ಲಿ ಹೊಲಿಗೆ, ನೇಯ್ಗೆ ಕಲಿಸುತ್ತಿದ್ದ ಟೀಚರ್. ಕಣ್ಣು ಹೋಗುತ್ತಿತ್ತು. ನೋಟದ ನಡುಭಾಗ ಮಸುಕು, ಅಂಚು ಮಾತ್ರ ಸ್ವಲ್ಪ ಕಾಣುತ್ತದೆ ಎಂದು ಹೇಳುತ್ತಿದ್ದರು. ನನ್ನ ಮುಖದ ಬದಲು ನನ್ನ ಕಿವಿಯ ಕಡೆ ನೋಡಿ ಮಾತಾಡುತ್ತಿದ್ದರು. ಕಾಫಿಯಾದ ಮೇಲೆ ಚಿತ್ರ ತೆಗೆದು, "ಇವತ್ತು ಏನು ಕಾಣುತ್ತದೆ, ಹೇಳು," ಎನ್ನುತ್ತಿದ್ದರು. ನಾನು ನನ್ನ ಮುರುಕು ಸ್ವೀಡಿಷಿನಲ್ಲಿ ಹೇಳುತ್ತಿದ್ದೆ. ಇವತ್ತು ಆಮೆ ಕಂಡಿತು. ಇವತ್ತು ಮೂಲೆಯಲ್ಲಿ ಚಹಾ ಕುಡಿಯುವ ಮುದುಕ ಕಂಡ. ನನ್ನ ಭಾಷೆ ಸುಧಾರಿಸಿದ್ದು ಕ್ಲಾಸಿನಲ್ಲಿ ಅಲ್ಲ, ಈ ಜಾತ್ರೆಯಲ್ಲಿ.

ನಾನು ಹೇಳುತ್ತಿರುವಾಗ ಅವರ ಬೆರಳುಗಳು ಚಿತ್ರದ ಮೇಲೆ ಮೆಲ್ಲಗೆ ಓಡಾಡುತ್ತಿದ್ದವು. ಬಹಳ ಹೊತ್ತು ಆ ನೀಲಿ ಬಟ್ಟೆಯ ಹೆಂಗಸಿನ ಕೊರಳ ಹತ್ತಿರವೇ ನಿಲ್ಲುತ್ತಿದ್ದವು. ಗಂಡ ತಂದದ್ದು, ನೇವರಿಸುತ್ತಾರೆ ಪಾಪ, ಎಂದುಕೊಳ್ಳುತ್ತಿದ್ದೆ. ನಾನು ಒಂದು ದಿನವೂ ಅದನ್ನು ಮುಟ್ಟಲಿಲ್ಲ. ಬೇರೆಯವರ ಮನೆಯ ಬೆಲೆಬಾಳುವ ವಸ್ತು ಮುಟ್ಟಬಾರದು ಎಂದು ಅಮ್ಮ ಚಿಕ್ಕಂದಿನಲ್ಲಿ ಹೇಳಿದ್ದು ನನ್ನ ಕೈಗಳಿಗೆ ಇನ್ನೂ ನೆನಪಿದೆ, ಅವು ತಾವಾಗಿ ಮಡಿಲಿಗೆ ಹೋಗಿ ಕೂರುತ್ತವೆ. ಆದರೆ ಕಣ್ಣಿಗೆ ಕಾಣುತ್ತಿತ್ತಲ್ಲ. ಅಂಚು ನೂಲುನೂಲಾಗಿ ಬಿಟ್ಟಿತ್ತು. ಕೊರಳಪಟ್ಟಿಯ ಬಿಳುಪು ಬೆರಳಾಡಿ ಆಡಿ ಮಾಸಿತ್ತು. ಇಷ್ಟು ಹಳೆಯ ಚಿತ್ರಕ್ಕೆ ಒಂದು ಗಾಜಾದರೂ ಹಾಕಿಸಬಾರದೇ ಎಂದು ಪ್ರತಿ ಗುರುವಾರ ಅನ್ನಿಸುತ್ತಿತ್ತು. ಯಾಕೆ ಹಾಕಿಸಿಲ್ಲ ಎಂದು ಕೇಳಲಿಲ್ಲ. ಆ ಒಂದು ಪ್ರಶ್ನೆ ಕೇಳಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಹೋದ ವರ್ಷ ಸೆಪ್ಟೆಂಬರಿನಲ್ಲಿ ನಮ್ಮ ಕಟ್ಟಡದ ಹಳೆಯ ಪೈಪುಗಳನ್ನೆಲ್ಲ ಕಿತ್ತು ಹೊಸದು ಹಾಕುವ ಕೆಲಸ ಅವರ ಬದಿಗೆ ಬಂತು. ಬಚ್ಚಲ ಗೋಡೆ ಒಡೆಯುತ್ತಾರೆ, ಮನೆಯೆಲ್ಲ ಧೂಳು. ಅಜ್ಜಿ ಏಳು ವಾರ ಶೋವ್ಡೆ ಎಂಬ ಊರಿನಲ್ಲಿರುವ ತಂಗಿಯ ಮನೆಗೆ ಹೊರಟರು. ಹೊರಡುವ ದಿನ ಆ ರಟ್ಟಿನ ಫೈಲು ನನ್ನ ಕೈಗಿತ್ತು, "ಧೂಳು ತಾಗದ ಹಾಗೆ ನೋಡಿಕೋ. ಬಂದಮೇಲೆ ತೆಗೆದುಕೊಳ್ಳುತ್ತೇನೆ," ಎಂದರು. ನನಗೆ ಹೆಮ್ಮೆಯಾಯಿತು. ಸ್ವಂತ ತಂಗಿಯ ಮನೆಗೆ ಒಯ್ಯದೆ ನನ್ನ ಬಳಿ ಬಿಟ್ಟಿದ್ದಾರೆ ಎಂದು ಗಂಡನಿಗೆ ಎರಡು ಸಲ ಹೇಳಿದೆ.

ಇಲ್ಲಿ ಎರಡು ಸಂಗತಿ ಹೇಳಬೇಕು. ಒಂದು, ನೆರೆಮನೆಯವರ ವಸ್ತು ನಮ್ಮ ಮನೆಗೆ ಬಂದರೆ ಅದನ್ನು ಬರಿದೇ ವಾಪಸ್ ಕೊಡಬಾರದು. ಪಾತ್ರೆಯಾದರೆ ಒಳಗೆ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು. ಹಾಗೆ ಕೊಡುವಾಗ ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಕೇಳಿದರೆ ಯಾರಾದರೂ ಬೇಡ ಎಂದೇ ಅನ್ನುತ್ತಾರೆ, ಮಾಡಿಬಿಟ್ಟರೆ ಸಂತೋಷಪಡುತ್ತಾರೆ. ಎರಡು, ನಾನು ತುಮಕೂರಿನಲ್ಲಿ ಜೆರಾಕ್ಸ್ ಮತ್ತು ಲ್ಯಾಮಿನೇಷನ್ ಅಂಗಡಿ ಇಟ್ಟವರ ಮಗಳು. ಕಾಲೇಜಿನ ಎದುರಿಗೇ ನಮ್ಮ ಅಂಗಡಿ. ರಿಸಲ್ಟ್ ಬಂದ ತಿಂಗಳು ಮಾರ್ಕ್ಸ್‌ಕಾರ್ಡು ಹಿಡಿದವರ ಸಾಲು ರಸ್ತೆಗೆ ಬರುತ್ತಿತ್ತು. ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಎಂದರೆ ನನಗೆ ಅಪ್ಪ. ಜೀವನದಲ್ಲಿ ಮುಖ್ಯವಾದದ್ದೇನಿದ್ದರೂ ಅದಕ್ಕೆ ಲ್ಯಾಮಿನೇಷನ್ ಆಗಬೇಕು ಎಂಬುದು ನಮ್ಮ ಮನೆಯಲ್ಲಿ ಯಾರೂ ಹೇಳಿಕೊಡದೆ ಕಲಿತ ಪಾಠ. ನನ್ನ ಹತ್ತನೇ ತರಗತಿಯ ಮಾರ್ಕ್ಸ್‌ಕಾರ್ಡು, ಅಜ್ಜನ ಫೋಟೋ, ವೆಂಕಟೇಶ್ವರ, ಎಲ್ಲರೂ ಪ್ಲಾಸ್ಟಿಕ್ಕಿನೊಳಗೇ ಕ್ಷೇಮವಾಗಿದ್ದರು.

ಒಂದು ಭಾನುವಾರ ಮಗಳು ಫೈಲಿನ ಪಕ್ಕ ದ್ರಾಕ್ಷಿ ಜ್ಯೂಸಿನ ಲೋಟ ಇಟ್ಟಳು. ಲೋಟ ಬೀಳಲಿಲ್ಲ, ಏನೂ ಆಗಲಿಲ್ಲ. ಆದರೆ ಆ ಕ್ಷಣದಲ್ಲೇ ನಿರ್ಧಾರವಾಯಿತು. ಸೋಮವಾರ ಚಿತ್ರವನ್ನು ಆಫೀಸಿಗೆ ಒಯ್ದೆ. ನಮ್ಮ ಲ್ಯಾಬಿನಲ್ಲಿ ಎಚ್ಚರಿಕೆಯ ಫಲಕಗಳನ್ನು ಮಾಡಲು ಒಂದು ದೊಡ್ಡ ಲ್ಯಾಮಿನೇಷನ್ ಯಂತ್ರವಿದೆ. ಎ-ತ್ರೀ ಕವರಿನೊಳಗೆ ಚಿತ್ರ ಹೇಳಿ ಮಾಡಿಸಿದ ಹಾಗೆ ಕೂತಿತು. ನಾಲ್ಕೂ ಕಡೆ ಅಂಚು ಸಮ ಮಾಡಿ, ಗುಳ್ಳೆ ಬಾರದಂತೆ ನಿಧಾನವಾಗಿ ಬಿಟ್ಟೆ. ಅಪ್ಪನ ಕೈಯ ಕೆಲಸ ಮರೆತಿಲ್ಲ ನೋಡು ಎಂದು ನನಗೆ ನಾನೇ ಶಹಭಾಷ್ ಹೇಳಿಕೊಂಡೆ. ಆ ಕಡೆಯಿಂದ ಹೊರಬಂದ ಜಾತ್ರೆ ಥಳಥಳ ಹೊಳೆಯುತ್ತಿತ್ತು. ನೀಲಿ ಇನ್ನಷ್ಟು ನೀಲಿ, ಕೆಂಪು ಇನ್ನಷ್ಟು ಕೆಂಪು. ನಾನು ನಿಜವಾಗಿಯೂ ತುಂಬ ಖುಷಿಪಟ್ಟೆ.

ಪಕ್ಕದಲ್ಲಿ ನಿಂತಿದ್ದ ಸ್ವೀಡಿಷ್ ಸಹೋದ್ಯೋಗಿ ಯಂತ್ರದಿಂದ ಬಂದದ್ದನ್ನು ನೋಡಿ, "ಯಹಾ," ಎಂದ. ಈ ಊರಿನವರು ಆ ಒಂದು ಮಾತನ್ನು ಸರಿ ಎನ್ನುವುದಕ್ಕೂ ಅಯ್ಯೋ ಎನ್ನುವುದಕ್ಕೂ ನನಗೇನು ಎನ್ನುವುದಕ್ಕೂ ಬಳಸುತ್ತಾರೆ. ಅವನ ಮುಖ ನೋಡಿದೆ. ಮುಖದಲ್ಲೂ ಏನೂ ಬರೆದಿರಲಿಲ್ಲ.

ಸಂಜೆ ಮನೆಯಲ್ಲಿ ನೋಡಿ, "ಸೂಪರಾಗಿದೆ ಕಣೇ," ಎಂದ ಗಂಡ. ಮಗಳು ಮಾತ್ರ ಚಿತ್ರವನ್ನು ಹಿಂದೆ ಮುಂದೆ ತಿರುಗಿಸಿ, ಸ್ವೀಡಿಷಿನಲ್ಲಿ, ಇದು ಪಿಜ್ಜಾ ಅಂಗಡಿಯ ಮೆನು ಥರ ಇದೆ ಎಂದಳು. ಆರು ವರ್ಷದ ಮಗುವಿಗೆ ಏನು ಗೊತ್ತು ಎಂದು ಬೈದೆ. ಬೈದ ಮೇಲೆ ನನಗೂ ಅದು ಮೆನುವಿನಂತೆಯೇ ಕಾಣತೊಡಗಿತು.

ಮರುದಿನ ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಹಳೆಯ ಜಪಾನೀ ಚಿತ್ರಗಳನ್ನು ಹೇಗೆ ಕಾಪಾಡಬೇಕು ಎಂದು ಕೇಳಿದರೆ, ಏನು ಮಾಡಬಾರದು ಎಂಬ ಪಟ್ಟಿಯ ಮೊದಲ ಸಾಲಿನಲ್ಲೇ ನಾನು ಮಾಡಿದ್ದು ಇತ್ತು. ಬಿಚ್ಚುವ ಉಪಾಯ ಹುಡುಕಿದೆ. ಒಬ್ಬ ಇಸ್ತ್ರಿಪೆಟ್ಟಿಗೆ ಎಂದ, ಇನ್ನೊಬ್ಬ ಫ್ರೀಜರ್ ಎಂದ, ಮೂರನೆಯವನು ಇಬ್ಬರನ್ನೂ ನಂಬಬೇಡಿ ಎಂದ. ತಲೆ ಕೆಟ್ಟು ಊಟದ ಬಿಡುವಿನಲ್ಲಿ ಅಪ್ಪನಿಗೆ ಫೋನ್ ಮಾಡಿದೆ. ಅಂಗಡಿಯನ್ನು ಈಗ ಅಣ್ಣ ನೋಡಿಕೊಳ್ಳುತ್ತಾನೆ, ಅಪ್ಪ ಸುಮ್ಮನೆ ಹೋಗಿ ಕೂರುತ್ತಾರೆ.

"ಅಪ್ಪಾ, ಲ್ಯಾಮಿನೇಷನ್ ಬಿಚ್ಚಕ್ಕಾಗುತ್ತಾ?"

"ಯಾವುದಮ್ಮಾ, ಮಗೂ ಬರ್ತ್ ಸರ್ಟಿಫಿಕೇಟಾ?"

"ಅಲ್ಲ, ಹಳೇದೊಂದು ಚಿತ್ರ. ಎದುರುಮನೆ ಅಜ್ಜೀದು."

"ಬಿಚ್ಚಿದ್ರೆ ಕಾಗದಾನೂ ಕಿತ್ಕೊಂಡು ಬರುತ್ತೆ. ಅವ್ರೇ ಹಾಕ್ಸು ಅಂದಿದ್ರಾ?"

ನಾನು ಊಟದ ಡಬ್ಬಿಯ ಮುಚ್ಚಳ ಮುಚ್ಚಿದೆ.

"ಕೇಳ್ದೆ ಹಾಕ್ಬಿಟ್ಯಾ? ನನ್ನ ಅಂಗ್ಡೀಲಿ ಕೂತು ಬೆಳ್ದೋಳು ನೀನು."

ಅಷ್ಟೇ ಹೇಳಿದರು. ಆಗ ನನಗೆ ಅಂಗಡಿಯ ಅಪ್ಪ ನೆನಪಾದರು. ಎಷ್ಟೇ ಗಡಿಬಿಡಿಯಿರಲಿ, ಎಷ್ಟೇ ಜನವಿರಲಿ, ಪ್ರತಿಯೊಬ್ಬರ ಕಾಗದವನ್ನೂ ಯಂತ್ರದ ಬಾಯಿಗೆ ಹಿಡಿದು, "ಒಳಗೆ ಹೋದ್ರೆ ಆಚೆ ಬರಲ್ಲ, ಹಾಕ್ಲಾ?" ಎಂದು ಕೇಳುತ್ತಿದ್ದರು. ಬಂದವರು ಹೂಂ ಅನ್ನುವವರೆಗೆ ಕೈ ಬಿಡುತ್ತಿರಲಿಲ್ಲ. ಯಾಕೆ ಇಷ್ಟು ಸಲ ಕೇಳುತ್ತಾರೆ, ಹಾಕಿಸಲೆಂದೇ ಬಂದಿರುತ್ತಾರಲ್ಲ ಎಂದು ನನಗೆ ಆಗ ಬೇಸರವಾಗುತ್ತಿತ್ತು. ಯಂತ್ರದ ಕೆಲಸ ಕಲಿತೆ, ಈ ಕೆಲಸ ಕಲಿಯಲಿಲ್ಲ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದೆ ಎನ್ನುತ್ತಾರಲ್ಲ, ಹಾಗಾಯಿತು.

ಉಳಿದ ವಾರಗಳು ಹೇಗೆ ಕಳೆದವೋ. ಒಂದು ದಿನ, ಅವರಿಗೆ ಕಣ್ಣು ಕಾಣುವುದಿಲ್ಲವಲ್ಲ, ಹೇಳದಿದ್ದರೆ ಗೊತ್ತೇ ಆಗುವುದಿಲ್ಲ ಎಂದು ನನ್ನ ಬುದ್ಧಿ ಹೇಳಿತು. ಹಾಗೆ ಯೋಚಿಸಿದ್ದಕ್ಕೆ ನನಗೇ ನಾಚಿಕೆಯಾಯಿತು. ಇನ್ನೊಂದು ದಿನ, ಇದರಿಂದ ಒಳ್ಳೆಯದೇ ಆಗಿದೆ, ಇನ್ನು ನೂರು ವರ್ಷ ಬಾಳುತ್ತದೆ ಎಂದು ವಾದಿಸಿದೆ. ವಾದಿಸಲು ಎದುರಿಗೆ ಯಾರೂ ಇರಲಿಲ್ಲ. ಅಡಕತ್ತರಿಗೆ ಸಿಕ್ಕ ಅಡಕೆಯ ಪಾಡು. ನನ್ನ ಭಯ ಚಿತ್ರದ ಬಗ್ಗೆ ಅಲ್ಲ ಎಂದು ಮೆಲ್ಲಗೆ ತಿಳಿಯಿತು. ಈ ದೇಶದಲ್ಲಿ ಕೆಲಸಕ್ಕಲ್ಲದೆ ನನಗಾಗಿ ಬಾಗಿಲು ತೆಗೆಯುತ್ತಿದ್ದವರು ಅವರೊಬ್ಬರೇ. ಆ ಗುರುವಾರಗಳು ನಿಂತುಹೋದರೆ ಏನು ಮಾಡುವುದು ಎಂದು ನನಗೆ ನಿಜವಾಗಿ ಹೆದರಿಕೆಯಾಗಿತ್ತು.

ನವೆಂಬರಿನಲ್ಲಿ ಅಜ್ಜಿ ಬಂದರು. ಹೊಸ ಬಚ್ಚಲ ಮನೆ ತೋರಿಸಿದರು, ಅಂದರೆ ನಲ್ಲಿಗಳನ್ನು ಮುಟ್ಟಿ ಮುಟ್ಟಿ ಹೇಳಿದರು. ಕಾಫಿ ಬಗ್ಗಿಸಿದರು. ನಾನು ಫೈಲನ್ನು ಮೇಜಿನ ಮೇಲಿಟ್ಟೆ. ಹೇಳಬೇಕೆಂದು ಸ್ವೀಡಿಷಿನಲ್ಲಿ ನಾಲ್ಕು ವಾಕ್ಯ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ, ಒಂದೂ ಬಾಯಿಗೆ ಬರಲಿಲ್ಲ. ಅವರು ಕೈ ತೊಳೆದು, ಒರೆಸಿ, ಬಂದು ಕೂತು ಫೈಲು ಬಿಚ್ಚಿದರು. ಬೆರಳುಗಳು ನೆಟ್ಟಗೆ ಆ ಹೆಂಗಸಿನ ಕೊರಳಿಗೆ ಹೋದವು. ಅಲ್ಲಿಂದ ಜಾರಿದವು. ಮತ್ತೆ ಹೋದವು, ಮತ್ತೆ ಜಾರಿದವು. ಅವರು ಚಿತ್ರವನ್ನು ಸ್ವಲ್ಪ ಎತ್ತಿ ಬಾಗಿಸಿ ನೋಡಿದರು. ಪ್ಲಾಸ್ಟಿಕ್ಕು ಟಕ್ ಎಂದು ಸದ್ದು ಮಾಡಿತು.

"ನುಣ್ಣಗಾಗಿದೆ," ಎಂದರು.

ನಾನು ಹೇಳಿದೆ. ಜ್ಯೂಸು, ಯಂತ್ರ, ಅಪ್ಪನ ಅಂಗಡಿ, ಮಾರ್ಕ್ಸ್‌ಕಾರ್ಡು, ಬರಿದೇ ಕೊಡಬಾರದ ಪಾತ್ರೆ, ಎಲ್ಲವನ್ನೂ ಹಿಂದುಮುಂದಾಗಿ ಹೇಳಿದೆ. ನಡುವೆ ಕನ್ನಡ ಬಂತು, ಅದೂ ಗೊತ್ತಾಗಲಿಲ್ಲ. ಅವರು ನನ್ನ ಕಿವಿಯ ಕಡೆ ನೋಡುತ್ತ ಕೇಳಿದರು.

ಆಮೇಲೆ ನಿಧಾನವಾಗಿ ಹೇಳಿದರು. ಆ ಬಿಳಿ ಕೊರಳಪಟ್ಟಿ ಬರಿಯ ಬಿಳುಪಲ್ಲವಂತೆ. ಬಣ್ಣವೇ ಹಚ್ಚದ ಹಲಗೆಯ ಮೇಲೆ ಕಾಗದವನ್ನು ಬಲವಾಗಿ ಒತ್ತಿ, ಅಲೆಗಳ ಉಬ್ಬು ಮೂಡಿಸಿದ್ದರಂತೆ. ಕಣ್ಣು ಚೆನ್ನಾಗಿದ್ದವರಿಗೂ ಸುಮ್ಮನೆ ನೋಡಿದರೆ ಕಾಣುವುದಿಲ್ಲ, ಓರೆ ಬೆಳಕಿನಲ್ಲಿ ಹಿಡಿಯಬೇಕು. ಬೆರಳಿಗೆ ಮಾತ್ರ ಎಲ್ಲ ಸಿಗುತ್ತದೆ. "ಈಚಿನ ವರ್ಷಗಳಲ್ಲಿ ಈ ಚಿತ್ರದಲ್ಲಿ ನನಗೆ ಉಳಿದಿದ್ದದ್ದು ಅಷ್ಟೇ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು, ಕಾಲಿಗೆ ಬೀಳುತ್ತಿದ್ದೆ.

ಅವರು ಫೈಲು ಮುಚ್ಚಿ ನನ್ನ ಕಡೆ ತಳ್ಳಿದರು. "ಇನ್ನು ಇದು ನೋಡುವವರ ಚಿತ್ರ. ನೀನು ಇಟ್ಟುಕೋ. ಹಳೆಯ ರೇಕನ್ನು ನವೆಂಬರಿನಲ್ಲಿ ಒಪ್ಪಿಸಬೇಕು, ಹೇಳಿದ್ದೆನಲ್ಲ."

ನಾನು ಬೇಡ ಎಂದೆ. ಅವರು ಎದ್ದು ಕಪ್ಪುಗಳನ್ನು ತೊಳೆಯಲು ಹೋದರು. ಇದು ಕ್ಷಮೆಯೋ, ನಿನ್ನ ಸಹವಾಸ ಸಾಕು ಎನ್ನುವ ರೀತಿಯೋ ಎಂದು ಅವರ ಬೆನ್ನು ನೋಡಿ ತಿಳಿಯುವ ಹಾಗಿರಲಿಲ್ಲ. ಫೈಲು ಎದೆಗವಚಿಕೊಂಡು ನಾಲ್ಕು ಹೆಜ್ಜೆ ದಾಟಿ ನಮ್ಮ ಮನೆಗೆ ಬಂದು ಬಾಗಿಲ ಹಿಂದೆ ನಿಂತು ಅತ್ತೆ.

"ಕೊಟ್ಟಿದಾರಲ್ಲ, ಮತ್ಯಾಕೆ ಅಳ್ತೀಯಾ?" ಎಂದ ಗಂಡ.

ಮುಂದಿನ ಗುರುವಾರ ಬಂತು. ಹೋಗಲೋ ಬೇಡವೋ ಎಂದು ಆಫೀಸಿನಿಂದ ಸೈಕಲ್ ತುಳಿದುಕೊಂಡು ಬರುವಾಗಲೆಲ್ಲ ಯೋಚಿಸಿದೆ. ಕರೆಯದೆ ಯಾರ ಮನೆಗೂ ಹೋಗದ ಊರು ಇದು. ಪ್ರತಿ ವಾರವೂ ನನ್ನನ್ನು ಕರೆದಿದ್ದರೋ, ಅಥವಾ ನಾನೇ ಹೋಗುತ್ತಿದ್ದೆನೋ, ಅದೂ ನೆನಪಾಗಲಿಲ್ಲ. ಮೆಟ್ಟಿಲು ಹತ್ತಿ ನಮ್ಮ ಬಾಗಿಲಿಗೆ ಬೀಗದ ಕೈ ಹಾಕಿದೆ, ತೆಗೆದೆ, ತಿರುಗಿ ಎದುರುಮನೆಯ ಗಂಟೆ ಒತ್ತಿದೆ.

ಬಾಗಿಲು ತೆಗೆದು, "ತಡವಾಯಿತು," ಎಂದರು. ಮೇಜಿನ ಮೇಲೆ ಎರಡು ಕಪ್ಪು ಇದ್ದವು. ಫೈಲು ಇರುತ್ತಿದ್ದ ಜಾಗ ಖಾಲಿ. ಕಾಫಿ ಕುಡಿದೆವು. ಇಬ್ಬರ ಕೈಗೂ ಕೆಲಸವಿರಲಿಲ್ಲ. ಅವರ ಬೆರಳುಗಳು ಮೇಜುಬಟ್ಟೆಯ ಅಂಚನ್ನು ಮುಟ್ಟಿ ಮುಟ್ಟಿ ಬಿಡುತ್ತಿದ್ದವು. ನನ್ನ ಕೈಗಳು ಯಥಾಪ್ರಕಾರ ಮಡಿಲಿನಲ್ಲಿದ್ದವು.

ನಾನು ಒಂದು ಕೈಯನ್ನು ಮೇಲೆ ತೆಗೆದು, ಅಂಗೈ ಬಿಡಿಸಿ, ಮೇಜಿನ ನಡುವೆ ಅವರ ಬೆರಳಿಗೆ ತಾಗುವ ಹಾಗೆ ಇಟ್ಟೆ. "ಆ ಕೊರಳಪಟ್ಟಿಯಲ್ಲಿ ಅಲೆ ಹೇಗಿತ್ತು? ನನಗೆ ತೋರಿಸುತ್ತೀಯಾ?" ಎಂದು ಕೇಳಿದೆ. ಎರಡು ವರ್ಷದಲ್ಲಿ ಆ ಚಿತ್ರದ ಬಗ್ಗೆ ನಾನಾಗಿ ಕೇಳಿದ ಮೊದಲ ಪ್ರಶ್ನೆ ಅದು.

ಅವರ ಬೆರಳುಗಳು ಮೇಜುಬಟ್ಟೆಯ ಅಂಚಿಗೆ ವಾಪಸ್ ಹೋದವು. ಬೇಡ ಎನ್ನುತ್ತಾರೆ ಅಂದುಕೊಂಡೆ. ಆಮೇಲೆ ನನ್ನ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದು, ಬಲಗೈಯ ತೋರುಬೆರಳಿನಿಂದ ನನ್ನ ಅಂಗೈಯ ಮೇಲೆ ಒಂದು ಪುಟ್ಟ ಕಮಾನು ಬರೆದರು. ಅದರೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು. ಪಕ್ಕದಲ್ಲಿ ಮತ್ತೆ ಅಂಥದ್ದೇ ಮೂರು. ಕಚಗುಳಿಯಾಗುತ್ತಿತ್ತು, ಆದರೂ ಕೈ ಎಳೆದುಕೊಳ್ಳಲಿಲ್ಲ.

"ಒಟ್ಟು ಎಷ್ಟಿದ್ದವು?" ಎಂದೆ.

"ಎಣಿಸಿರಲಿಲ್ಲ," ಎಂದರು. ಬೆರಳನ್ನು ಅಂಗೈಯ ಅಂಚಿಗೆ ಒಯ್ದು ಮತ್ತೆ ಮೊದಲಿನಿಂದ ಬರೆಯತೊಡಗಿದರು.